ರಾತ್ರಿ ಹೊತ್ತು ಬೀಳುವ ಬೀಗ

ತುಮಕೂರಲ್ಲಿ ಚಳಿ ಶುರುವಾದರೆ ಸಾಕು, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಬಿ.ಎಚ್. ರಸ್ತೆಯ ಅಂಗಡಿ ಜಗಲಿಗಳ ಮೇಲೆ ಮಲಗಿದವರ ಫೋಟೋ ಹಾಕಿ "ಇವರನ್ನು ಯಾರಾದರೂ ಆಶ್ರಯ ಕೇಂದ್ರಕ್ಕೆ ಸೇರಿಸಿ" ಅಂತ ಬರೆಯುವವರು ಜಾಸ್ತಿಯಾಗುತ್ತಾರೆ. ಒಳ್ಳೆಯ ಕೆಲಸ, ಬರೆಯಲೇಬೇಕು. ಆದರೆ ಸೇರಿಸಿದ ಮೇಲೆ? ರಾತ್ರಿ ಗೇಟು ಹಾಕಿದ ಮೇಲೆ ಒಳಗೆ ಏನಾದರೂ ಹೊತ್ತಿಕೊಂಡರೆ ಅವರೆಲ್ಲ ಹೊರಗೆ ಬರುವುದು ಹೇಗೆ? ಇದನ್ನು ಯಾರೂ ಕೇಳುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ತಮಿಳುನಾಡಿನ ಏರ್ವಾಡಿ ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ. 2001ರ ಆಗಸ್ಟ್ 6ರ ಬೆಳಗಿನ ಜಾವ, ಮಾನಸಿಕ ಕಾಯಿಲೆ ಇದ್ದವರನ್ನು ಇಟ್ಟುಕೊಂಡಿದ್ದ ಒಂದು ಖಾಸಗಿ ಆಶ್ರಮಕ್ಕೆ ಬೆಂಕಿ ಬಿತ್ತು. 28 ಜನ ಸತ್ತರು. ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಓಡಲು ಕಾಲಿದ್ದರೂ ಓಡಲಾಗಲಿಲ್ಲ. ಅದಕ್ಕೂ ನಾಲ್ಕು ವರ್ಷ ಮೊದಲು, 1997ರ ಜೂನ್ 13ರಂದು, ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಹೋದರು. ಅಲ್ಲೂ ಹೊಗೆ ತುಂಬಿದ ಬಾಲ್ಕನಿಯಿಂದ ಹೊರಬರುವ ದಾರಿ ಸಿಗಲಿಲ್ಲ. ತೀರಾ ಇತ್ತೀಚೆಗೆ, 2024ರ ಏಪ್ರಿಲ್‌ನಲ್ಲಿ, ಬ್ರೆಜಿಲ್‌ನ ಪೋರ್ಟೋ ಅಲೆಗ್ರೆ ಊರಲ್ಲಿ ಮನೆಯಿಲ್ಲದವರು ಉಳಿಯುತ್ತಿದ್ದ ಅಗ್ಗದ ವಸತಿಗೃಹ ಸುಟ್ಟು ಕನಿಷ್ಠ 10 ಜನ ತೀರಿಕೊಂಡರು. ದೇಶ ಬೇರೆ, ಕಟ್ಟಡ ಬೇರೆ. ಬೆಂಕಿ ಹತ್ತಿದ್ದು ಹೇಗೆ ಅನ್ನುವುದೂ ಬೇರೆ ಬೇರೆ. ನನ್ನನ್ನು ಕಾಡುವುದು ಹತ್ತಿದ ಮೇಲಿನ ಆ ಐದು ನಿಮಿಷ.

ನಮ್ಮ ಕಡೆಯ ಒಂದು ಆಶ್ರಯ ಕೇಂದ್ರಕ್ಕೆ ಆಗಾಗ ಹೋಗುತ್ತಿರುತ್ತೇನೆ. ಹೆಸರು ಬೇಡ, ಯಾಕೆಂದರೆ ಅಲ್ಲಿನ ಕೇರ್‌ಟೇಕರ್ ಕಡಿಮೆ ಸಂಬಳಕ್ಕೆ ಮನಸ್ಸಿಟ್ಟು ದುಡಿಯುವ ಮನುಷ್ಯ. ಉದ್ದನೆಯ ಹಾಲ್, ಎರಡು ಸಾಲು ಮಂಚ. ಇರುವುದು ಒಂದೇ ಬಾಗಿಲು, ಅದರ ಮುಂದೆ ಎಳೆದು ಮುಚ್ಚುವ ಕಬ್ಬಿಣದ ಗೇಟು. ಕಿಟಕಿಗಳಿಗೆಲ್ಲ ಸರಳು. ರಾತ್ರಿ ಊಟ ಆದ ಮೇಲೆ ಗೇಟಿಗೆ ಬೀಗ ಬೀಳುತ್ತದೆ, ಬೀಗದ ಕೈ ಕೇರ್‌ಟೇಕರ್ ಜೇಬಿಗೆ ಹೋಗುತ್ತದೆ. ಹಾಲ್‌ಗೆಲ್ಲ ಒಂದೇ ಸ್ವಿಚ್ ಬೋರ್ಡ್, ಅದಕ್ಕೆ ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಎಲ್ಲರ ಫೋನ್ ಚಾರ್ಜ್ ಆಗುತ್ತಿರುತ್ತವೆ. ಮೂಲೆಯ ಮಂಚದ ಕೆಳಗೆ ತೆಂಗಿನ ಚಿಪ್ಪಿನಲ್ಲಿ ಸೊಳ್ಳೆ ಬತ್ತಿ. ಮೇಲಿಂದ ಜೋತುಬಿದ್ದ ಕಂಬಳಿಯ ಅಂಚಿಗೂ ಆ ಬತ್ತಿಯ ಕೆಂಡಕ್ಕೂ ನಡುವೆ ಒಂದು ಗೇಣು ಜಾಗ ಇರಲಿಲ್ಲ.

ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇದೆಯಾ ಅಂದೆ. ಇದೆ ಅಂದರು. ದಾನ ಬಂದ ಬಟ್ಟೆಯ ಮೂಟೆಗಳನ್ನು ಸರಿಸಿ ತೋರಿಸಿದರು. ಮೀಟರಿನ ಮುಳ್ಳು ಹಸಿರು ಪಟ್ಟಿ ದಾಟಿ ಕೆಳಗಿನ ಕೆಂಪಿಗೆ ಬಂದು ಕೂತಿತ್ತು. ಅಂದರೆ ಒಳಗೆ ಒತ್ತಡವಿಲ್ಲ, ಒತ್ತಿದರೆ ಪುಡಿ ಹೊರಗೆ ಬರುವುದಿಲ್ಲ.

ಬೀಗ ಯಾಕೆ ಹಾಕುತ್ತೀರಿ ಅಂತ ಕೇಳಿದರೆ ಅವರ ಬಳಿ ಉತ್ತರ ಇದೆ, ಅದು ಸುಳ್ಳೂ ಅಲ್ಲ. ಕಳ್ಳತನ ಆಗುತ್ತೆ. ಕುಡಿದವರು ಬಂದು ಗಲಾಟೆ ಮಾಡ್ತಾರೆ. ಮರೆವಿನ ಕಾಯಿಲೆಯ ಅಜ್ಜ ಎದ್ದು ಹೈವೇ ಕಡೆ ನಡೆದುಬಿಡ್ತಾರೆ. ಹೆಣ್ಣುಮಕ್ಕಳ ಕೇಂದ್ರ ಆದರೆ ಭಯ ಇನ್ನೂ ಜಾಸ್ತಿ. ಇದೆಲ್ಲ ಒಪ್ಪುತ್ತೇನೆ. ಆದರೆ ಇವೆಲ್ಲ ಹೊರಗಿನವರು ಒಳಗೆ ಬರದ ಹಾಗೆ, ಒಳಗಿನವರು ಗೊತ್ತಾಗದೆ ಹೋಗದ ಹಾಗೆ ನೋಡಿಕೊಳ್ಳುವ ಮಾತು. ಅದಕ್ಕೆ ಒಳಗಿನಿಂದ ಕೈಯಲ್ಲೇ ತೆಗೆಯಬಹುದಾದ ಚಿಲಕ ಸಾಕು. ಬಾಗಿಲು ತೆರೆದರೆ ಸದ್ದು ಮಾಡುವ ಒಂದು ಬೆಲ್ ಸಾಕು. ರಾತ್ರಿ ಎಚ್ಚರ ಇರುವ ಒಬ್ಬ ಕಾವಲುಗಾರ ಬೇಕು. ಅವನಿಗೆ ಸಂಬಳ ಕೊಡಬೇಕಾಗುತ್ತದಲ್ಲ, ಆ ದುಡ್ಡು ಉಳಿಸಲು ಬೀಗ ಹಾಕಿದ್ದೇವೆ. ನನಗೆ ಸಿಟ್ಟು ಬರುವುದು ಇಲ್ಲೇ.

ಬೆಂಕಿ ಅಂದಾಗ ನಮ್ಮ ಕಣ್ಣಿಗೆ ಬರುವುದು ಜ್ವಾಲೆ. ಸಾಯಿಸುವುದು ಹೆಚ್ಚಾಗಿ ಹೊಗೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಎಚ್ಚರವೇ ಆಗದೆ ಹೋಗಿಬಿಡಬಹುದು. ನಾವು ಪುಣ್ಯ ಅಂತ ಕೊಡುವ ಹಳೆಯ ಫೋಮ್ ಹಾಸಿಗೆ ಇದೆಯಲ್ಲ, ಅದು ಹೊತ್ತಿಕೊಂಡರೆ ಬೇಗ ಉರಿಯುತ್ತದೆ, ಹೊಗೆಯಲ್ಲಿ ಸೈನೈಡ್ ಅನಿಲವೂ ಸೇರಿರುತ್ತದೆ. ಪಾಲಿಯೆಸ್ಟರ್ ರಗ್ಗು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ದಯವಿಟ್ಟು ಕೊಡುವಾಗ ಹತ್ತಿಯದ್ದೋ ಉಣ್ಣೆಯದ್ದೋ ಕೊಡಿ. ಪಾವಗಡ, ಶಿರಾ ಕಡೆಯ ಕುರಿ ಕಂಬಳಿಗೆ ಏನಾಗಿದೆ? ಉಣ್ಣೆ ಅಷ್ಟು ಸುಲಭಕ್ಕೆ ಹತ್ತಿ ಉರಿಯುವುದಿಲ್ಲ. ಹಾಗೇ, ಚಳಿ ಅಂತ ಬಾಂಡ್ಲಿಯಲ್ಲಿ ಇದ್ದಿಲ ಕೆಂಡ ಹಾಕಿ ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಳ್ಳುವುದನ್ನು ಎಲ್ಲೇ ಕಂಡರೂ ತಡೆಯಿರಿ. ಬೆಂಕಿ ಹತ್ತದಿದ್ದರೂ ಅದರ ಅನಿಲವೇ ಜೀವ ತೆಗೆಯುತ್ತದೆ.

ಇನ್ನೊಂದು ವಿಷಯ, ಇದನ್ನು ಯಾವ ತರಬೇತಿಯಲ್ಲೂ ಹೇಳಿದ್ದು ನಾನು ಕೇಳಿಲ್ಲ. ಅಲ್ಲಿ ಮಲಗುವವರು ತಮ್ಮ ಚೀಲ ಬಿಟ್ಟು ಬರುವುದಿಲ್ಲ. ಒಬ್ಬ ಹಿರಿಯರು ಚೀಲದ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡೇ ಮಲಗುತ್ತಾರೆ. ಅದರಲ್ಲಿ ಆಧಾರ್ ಇದೆ, ಪಿಂಚಣಿಯ ಪಾಸ್‌ಬುಕ್ ಇದೆ, ಹೆಂಡತಿಯ ಒಂದು ಫೋಟೋ ಇದೆ. "ಬೆಂಕಿ ಬಿದ್ದರೆ ಎಲ್ಲ ಬಿಟ್ಟು ಓಡಿ" ಅಂತ ಮನೆ ಇರುವ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆಧಾರ್ ಕಳೆದರೆ ಮತ್ತೆ ಮಾಡಿಸಲು ಅವರು ಎಷ್ಟು ಕಚೇರಿ ಅಲೆಯಬೇಕು ಅನ್ನುವುದು ಅವರಿಗೆ ಗೊತ್ತಿದೆ. ಅದಕ್ಕೆ ತಿರುಗಿ ಹೋಗುತ್ತಾರೆ. ಹಾಗಾಗಿ ಬಾಗಿಲ ಹತ್ತಿರ ಸಣ್ಣ ಲಾಕರ್‌ಗಳು ಬೇಕು, ಕಾಗದಗಳ ಜೆರಾಕ್ಸ್ ಬೇರೆ ಕಡೆ ಇರಬೇಕು. ಮೂಟೆಗಳನ್ನು ಮಂಚಗಳ ನಡುವಿನ ದಾರಿಯಲ್ಲಿ ಇಡುವುದೂ ಆಗ ತಪ್ಪುತ್ತದೆ.

ನಿಯಮ ಇಲ್ಲ ಅಂತೇನಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲೇ ಸ್ಪಷ್ಟವಾಗಿ ಬರೆದಿದ್ದರು: ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ತಂಗುವಷ್ಟು ಆಶ್ರಯ ಕೇಂದ್ರ, ಒಬ್ಬರಿಗೆ 50 ಚದರ ಅಡಿ ಜಾಗ, ಜೊತೆಗೆ ಬೆಂಕಿ ತಡೆಯುವ ವ್ಯವಸ್ಥೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. 2011ರ ಜನಗಣತಿಯಲ್ಲೇ ತುಮಕೂರು ನಗರ 3 ಲಕ್ಷ ದಾಟಿತ್ತು. ಲೆಕ್ಕ ನೀವೇ ಹಾಕಿಕೊಳ್ಳಿ. ಜಾಗ ಕಡಿಮೆ ಇದ್ದಲ್ಲಿ ಜನ ಒತ್ತಿಕೊಂಡು ಮಲಗುತ್ತಾರೆ, ದಾರಿ ಮುಚ್ಚುತ್ತದೆ. ಇನ್ನು ಭಿಕ್ಷಾಟನೆ ಕಾಯ್ದೆಯಡಿ ಹಿಡಿದು ತಂದವರನ್ನು ಇಡುವ ನಿರಾಶ್ರಿತರ ಪರಿಹಾರ ಕೇಂದ್ರಗಳಿವೆ. ಅವಕ್ಕಾಗಿ ನಮ್ಮ ಮನೆ ಕಂದಾಯದ ಮೇಲೆ ಶೇ 3ರಷ್ಟು ಭಿಕ್ಷುಕರ ಕರ ಕಟ್ಟುತ್ತೇವೆ. ಅಲ್ಲಿರುವವರು ತಾವಾಗಿ ಬಂದವರೂ ಅಲ್ಲ. ಅವರ ಜೀವದ ಹೊಣೆ ಇನ್ನೂ ದೊಡ್ಡದು ಅಲ್ವಾ?

ಕೇಂದ್ರಗಳಲ್ಲಿ ನಾಳೆಯೇ ಆಗಬಹುದಾದ ಕೆಲಸಗಳಿವೆ, ಟೆಂಡರ್ ಬೇಡ. ಬೀಗ ತೆಗೆದು ಚಿಲಕ ಹಾಕಿ. ಅದಾಗುವವರೆಗೂ ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ತೂಗಲಿ. ನಡೆಯಲಾಗದವರು, ಕಣ್ಣು ಕಾಣದವರು ಬಾಗಿಲ ಹತ್ತಿರದ ಮಂಚದಲ್ಲಿ ಮಲಗಲಿ, ಅವರನ್ನು ಎತ್ತಿಕೊಂಡು ಬರುವವರು ಯಾರು ಅಂತ ಮೊದಲೇ ಗೊತ್ತಿರಲಿ. ಆ ರಾತ್ರಿ ಎಷ್ಟು ಜನ ಇದ್ದಾರೆ ಅನ್ನುವ ಹಾಜರಿ ಪುಸ್ತಕದ ಒಂದು ಪ್ರತಿ ಕಟ್ಟಡದ ಹೊರಗೂ ಇರಲಿ. ಇಲ್ಲದಿದ್ದರೆ ಒಳಗೆ ಇನ್ನೂ ಯಾರಾದರೂ ಉಳಿದಿದ್ದಾರಾ ಅಂತ ಅಗ್ನಿಶಾಮಕ ಸಿಬ್ಬಂದಿಗೆ ಹೇಳುವವರಾರು? ಮೇನ್ ಸ್ವಿಚ್ ಎಲ್ಲಿದೆ ಅಂತ ಕನಿಷ್ಠ ನಾಲ್ಕು ಜನಕ್ಕೆ ಗೊತ್ತಿರಲಿ. ಕರೆಂಟಿನ ಬೆಂಕಿಗೆ ನೀರು ಸುರಿಯಬಾರದು ಅನ್ನುವುದು ಎಲ್ಲರಿಗೂ ಗೊತ್ತಿರಲಿ. ಗೋಡೆಯ ಮೇಲೆ 101, 112 ಅಂತ ದೊಡ್ಡದಾಗಿ ಬರೆಯಿರಿ, ಅದರ ಕೆಳಗೇ ಕೇಂದ್ರದ ಪೂರ್ತಿ ವಿಳಾಸ, ಹತ್ತಿರದ ಗುರುತು. ಮೊನ್ನೆ ಮೊನ್ನೆ ರಾಯಚೂರಿನಿಂದಲೋ ಬಿಹಾರದಿಂದಲೋ ಬಂದವರು ಗಾಬರಿಯಲ್ಲಿ ಫೋನ್ ಮಾಡಿದರೆ "ಎಲ್ಲಿ?" ಅಂದಾಗ ಏನು ಹೇಳಬೇಕು? ಅದಕ್ಕೆ ವಿಳಾಸ ಹಿಂದಿಯಲ್ಲೂ ಇರಲಿ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ಇರುತ್ತದೆ. ಶಾಲೆ, ಅಪಾರ್ಟ್‌ಮೆಂಟ್, ಫ್ಯಾಕ್ಟರಿಗಳಲ್ಲಿ ಪ್ರಾತ್ಯಕ್ಷಿಕೆ ಮಾಡುತ್ತಾರೆ. ಈ ಸಲ ಒಂದು ಸಂಜೆ ನಮ್ಮ ಜಿಲ್ಲೆಯ ಆಶ್ರಯ ಕೇಂದ್ರಗಳಿಗೂ ಬನ್ನಿ ಅಂತ ಅಗ್ನಿಶಾಮಕ ಠಾಣೆಗೆ ಮನವಿ ಬರೆದಿದ್ದೇನೆ. ಅಲ್ಲಿ ಮಲಗುವವರೇ ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಸಿಲಿಂಡರ್ ಒತ್ತಿ ನೋಡಬೇಕು. ದೀಪ ಆರಿಸಿ, ತಲೆ ತಗ್ಗಿಸಿ, ಗೋಡೆ ಹಿಡಿದು ಬಾಗಿಲು ಮುಟ್ಟುವುದನ್ನು ಅಭ್ಯಾಸ ಮಾಡಬೇಕು. ಮನವಿಗೆ ಸಹಿ ಹಾಕುವವರು ಕೆಳಗೆ ಕಾಮೆಂಟ್ ಮಾಡಿ. ಗುಬ್ಬಿ, ತಿಪಟೂರು, ಶಿರಾ ಕಡೆಯವರು ನಿಮ್ಮೂರಿನ ಕೇಂದ್ರಕ್ಕೆ ಒಂದು ರಾತ್ರಿ ಊಟದ ಹೊತ್ತು ಕಳೆದ ಮೇಲೆ ಹೋಗಿ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ ಇಲ್ಲಿ ಬರೆಯಿರಿ.