ಕಟ್ಟಿದ ಭಾಷೆಯಲ್ಲಿ ಕಟ್ಟಿದವರ ತಾಯ್ನುಡಿ ಕಾಣಿಸಬಹುದೆ?

ಪರ

ಕಾಸರಗೋಡಿನಲ್ಲಿ ಬೆಳೆದವರಿಗೆ ಈಗಿನ ಪೋಲೆಂಡಿನ ಬಿಯಾಲಿಸ್ತೋಕ್ ಎಂಥ ಊರೆಂದು ವಿವರಿಸಬೇಕಿಲ್ಲ. ಅಲ್ಲಿಯೂ ಯೆಹೂದಿಗಳ ಯಿಡ್ಡಿಷ್, ಪೋಲಿಷ್, ರಷ್ಯನ್, ಜರ್ಮನ್ ಒಂದೇ ಪೇಟೆಯಲ್ಲಿ ಕೇಳಿಸುತ್ತಿದ್ದವು. 1859ರಲ್ಲಿ ಅಲ್ಲಿ ಹುಟ್ಟಿದ ಜಾಮೆನ್‌ಹೋಫ್ 1887ರಲ್ಲಿ, ಎಲ್ಲ ದೇಶದವರಿಗೂ ಆಗಲೆಂದು ತಾವೇ ಕಟ್ಟಿದ ಎಸ್ಪೆರಾಂಟೊ ಭಾಷೆಯನ್ನು ಪ್ರಕಟಿಸಿದರು. ಅದರ ಪದಗಳು ಹೆಚ್ಚಾಗಿ ಲ್ಯಾಟಿನ್ ಬಳಗದವು. ‘ತ್ಸ’, ‘ಚ’, ‘ಶ’ಗಳಿಂದ ತುಂಬಿದ ಉಚ್ಚಾರ ಮಾತ್ರ ಪೋಲಿಷ್, ರಷ್ಯನ್‌ನಂಥ ಸ್ಲಾವಿಕ್ ಮಾತು ಕೇಳುತ್ತ ಬೆಳೆದ ಕಿವಿಯದು. ಇದನ್ನು ದೋಷವೆನ್ನಲು ನನಗೆ ಮನಸ್ಸಿಲ್ಲ. ಆ ಭಾಷೆಯಲ್ಲಿ ಕವಿತೆ ಹುಟ್ಟಿದೆ, ಅದನ್ನೇ ಮನೆಮಾತಾಗಿ ಕಲಿತ ಮಕ್ಕಳಿದ್ದಾರೆ.

ನಾಳೆ ನಮ್ಮೂರ ಹುಡುಗಿಯೊಬ್ಬಳು ಭಾಷೆ ಕಟ್ಟಲಿ ಎಂದು ನನಗೆ ತುಂಬ ಆಸೆ. ಕನ್ನಡದಲ್ಲಿ ‘ನನಗೆ ಹಸಿವಾಗುತ್ತದೆ’, ತುಳುವಿನಲ್ಲಿ ‘ಎಂಕ್ ಬಡವಾಪುಂಡು’, ಮಲಯಾಳದಲ್ಲಿ ‘ಎನಿಕ್ಕ್ ವಿಶಕ್ಕುನ್ನು’. ಮೂರರಲ್ಲೂ ಹಸಿವು ನಾನು ಮಾಡುವ ಕೆಲಸವಲ್ಲ, ನನಗೆ ಆಗುವಂಥದ್ದು. ಚಳಿ, ಸಿಟ್ಟು, ನೆನಪು ಎಲ್ಲವೂ ಹಾಗೆಯೇ. ಈ ತಿಳಿವನ್ನು ಅವಳು ಯಾಕೆ ಅಳಿಸಬೇಕು?

ವಿರೋಧ

ತಾಯ್ನುಡಿಯಲ್ಲಿ ಇರುವುದು ಹೊಸ ಭಾಷೆಗೆ ಬರಲಿ, ಬೇಡವೆನ್ನುವುದಿಲ್ಲ. ಅದರಲ್ಲಿ ಇಲ್ಲದ್ದು ನಮಗೆ ಹೊಳೆಯುವುದೇ ಇಲ್ಲವಲ್ಲ, ನನ್ನ ಚಿಂತೆ ಅದು.

ಎಸ್ಪೆರಾಂಟೊಗಿಂತ ಮೊದಲೇ ಲೋಕಭಾಷೆಯಾಗಲೆಂದು ವೊಲಾಪ್ಯುಕ್ ರಚಿಸಿದ ಶ್ಲೇಯರ್ ಜರ್ಮನ್ ಪಾದ್ರಿ. ಚೀನೀಯರಿಗೆ ಕಷ್ಟವೆಂದು ‘ರ’ಕಾರವನ್ನು ಬಹುಪಾಲು ಕೈಬಿಟ್ಟವರು, ಜರ್ಮನ್ನಿನ ತುಟಿ ದುಂಡಾಗಿಸುವ ಸ್ವರಗಳನ್ನೂ ನಾಲ್ಕು ವಿಭಕ್ತಿಗಳನ್ನೂ ಹಾಗೇ ಇಟ್ಟರು.

ಚಿಕ್ಕಂದಿನಲ್ಲಿ ‘ನಾವು ನಾಳೆ ಮದುವೆಗೆ ಹೋಗುತ್ತೇವೆ’ ಎಂದಾಗ ನೆರೆಮನೆಯ ತುಳು ಅಜ್ಜಿ, ‘ನಾನು ಸಹ ಬರುವುದಾ ಮಗಾ?’ ಎಂದು ಕೇಳಿದ್ದರು. ನನ್ನ ‘ನಾವು’ ಅವರಿಗೆ ಅರ್ಧವೇ ತಿಳಿದಿತ್ತು. ಅವರ ಮಾತಿನಲ್ಲಿ ಕೇಳುವವರೂ ಸೇರಿದರೆ ‘ನಮ’, ಸೇರದಿದ್ದರೆ ‘ಎಂಕುಳು’. ಮಲಯಾಳದಲ್ಲೂ ‘ನಮ್ಮಳ್’, ‘ಞಙ್ಙಳ್’ ಬೇರೆಬೇರೆ. ಬರೀ ನನ್ನ ಶಾಲೆಯ ಕನ್ನಡವನ್ನು ನೆಚ್ಚಿ ಭಾಷೆ ಕಟ್ಟಿದ್ದರೆ ಈ ಭೇದ ತಪ್ಪಿಯೇ ಹೋಗುತ್ತಿತ್ತು. ಎಸ್ಪೆರಾಂಟೊದಲ್ಲಿ ಆದದ್ದೂ ಇದೇ. ಯುರೋಪಿನ ಭಾಷೆಗಳಂತೆ ಅಲ್ಲಿ ಎರಡಕ್ಕೂ ‘ನಿ’ ಒಂದೇ. ಎಲ್ಲರನ್ನೂ ಒಂದಾಗಿಸಲು ಹೊರಟ ಭಾಷೆಗೆ, ‘ನೀವೂ ಸೇರಿ ನಾವು’ ಎನ್ನಲು ಪ್ರತ್ಯೇಕ ಪದವಿಲ್ಲ.

ಮನಸ್ಸು ಮಾಡಿದರೆ ಅಭ್ಯಾಸ ಮೀರಬಹುದು. ಮಾರ್ಕ್ ಓಕ್ರಾಂಡ್ ‘ಸ್ಟಾರ್ ಟ್ರೆಕ್’ ಸಿನಿಮಾಕ್ಕಾಗಿ ಕಟ್ಟಿದ ಕ್ಲಿಂಗಾನ್ ಭಾಷೆಯ ವಾಕ್ಯದಲ್ಲಿ ಕರ್ಮವನ್ನು ಮೊದಲು, ಕರ್ತೃವನ್ನು ಕೊನೆಗೆ ಬೇಕೆಂದೇ ಇಟ್ಟರು. ತರ್ಕಬದ್ಧವಾಗಿರಲೆಂದು ಲೋಜ್ಬಾನ್ ಎಂಬ ಭಾಷೆ ಕಟ್ಟಿದವರು ಧಾತುಗಳಿಗಾಗಿ ಹಿಂದಿಯನ್ನು ನೋಡಿದರು, ದ್ರಾವಿಡ ಭಾಷೆ ಒಂದನ್ನೂ ನೋಡಲಿಲ್ಲ. ಆದರೂ ‘ನಾನು ಮತ್ತು ನೀನು’, ‘ನಾನು ಮತ್ತು ಬೇರೆಯವರು’, ‘ನಾವೆಲ್ಲ’ ಎಂದು ಮೂರು ಪದ ಮಾಡಿದರು. ಅಜ್ಜಿಗೆ ಬೇಕಿದ್ದ ಪದ ಅಲ್ಲಿದೆ.