ಬಸ್ಸಿನಲ್ಲಿ ಬಿಡಿಸಿದ ಅವರೆಕಾಯಿ

ಮೊನ್ನೆ ಮಂಗಳವಾರ ಮಾಗಡಿಗೆ ಹೋಗಿದ್ದೆ. ಅಪ್ಪ ತೀರಿಕೊಂಡು ಹತ್ತು ತಿಂಗಳಾಯಿತು. ಅವರ ಹೆಸರಿನಲ್ಲಿದ್ದ ಒಂದು ಎಕರೆ ಹನ್ನೆರಡು ಗುಂಟೆ ಜಮೀನಿನ ಪೌತಿ ಖಾತೆಯಾಗಿ, ಹೊಸ ಪಹಣಿ ಕೈಗೆ ಬಂತು. ಯಾರೂ ಸತಾಯಿಸಲಿಲ್ಲ, ಕೆಲಸ ಸಲೀಸಾಗಿ ಮುಗಿಯಿತು. ಆದರೆ ಓದು ಕಲಿತಾಗಿನಿಂದ ನಾನು ಮಾಲೀಕರ ಹೆಸರಿನ ಒಂಬತ್ತನೇ ಕಾಲಂನಲ್ಲಿ ನೋಡುತ್ತಿದ್ದ ಹೆಸರು ಅಲ್ಲಿರಲಿಲ್ಲ. ಆ ಜಾಗದಲ್ಲಿ ನನ್ನ ಹೆಸರಿತ್ತು. ಮಣ್ಣು ಮಾಡಿದ ದಿನವೂ ಅಳದೆ ಎಲ್ಲವನ್ನೂ ನಿಭಾಯಿಸಿದ್ದ ನನಗೆ, ಆ ಕಾಗದವನ್ನು ಮಡಚಿ ಜೇಬಿಗಿಡುವಾಗ ಕೈ ನಡುಗಿತು.

ಬೆಂಗಳೂರಿನ ಬಸ್ ಹತ್ತಿ ಕಿಟಕಿ ಪಕ್ಕ ಕುಳಿತೆ. ಯಾರೂ ಮಾತನಾಡಿಸಬಾರದೆಂದು ಇಯರ್‌ಫೋನ್ ಸಿಕ್ಕಿಸಿಕೊಂಡೆ, ಹಾಡು ಮಾತ್ರ ಹಾಕಲಿಲ್ಲ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಕಾಲ ಬಳಿ ಚೀಲದ ತುಂಬ ಅವರೆಕಾಯಿ. ಬಸ್ ಊರು ದಾಟುವ ಮೊದಲೇ ಮಡಿಲಿಗೆ ಟವೆಲ್ ಹಾಸಿಕೊಂಡು ಬಿಡಿಸತೊಡಗಿದರು. ನನ್ನನ್ನು ಸ್ವಲ್ಪ ಹೊತ್ತು ಗಮನಿಸಿರಬೇಕು. ಎರಡು ಬೊಗಸೆ ಕಾಯಿ ಎತ್ತಿ ನನ್ನ ಬ್ಯಾಗಿನ ಮೇಲೆ ಸುರಿದರು.

"ಸುಮ್ಮನೆ ಕುಳಿತಿದ್ದೀಯಲ್ಲಪ್ಪಾ, ಇಷ್ಟು ಬಿಡಿಸಿಕೊಡು. ಮಗಳ ಮನೆಗೆ ಹೋದ ಕೂಡಲೇ ನೆನೆಹಾಕಬೇಕು. ಇಲ್ಲದಿದ್ದರೆ ಬೆಳಿಗ್ಗೆ ಹಿತಕುವುದು ಯಾವಾಗ?"

ಇಲ್ಲ ಎನ್ನಲು ನನಗೆ ಅವಕಾಶವೇ ಇರಲಿಲ್ಲ. ಇಯರ್‌ಫೋನ್ ತೆಗೆದಿಟ್ಟು ಬಿಡಿಸಲು ಕುಳಿತೆ.

ಮಾಗಿಯ ಇಬ್ಬನಿ ಕುಡಿದ ಅವರೆಯ ಸೊಗಡನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ನಾಲ್ಕು ಕಾಯಿ ಬಿಡಿಸುವಷ್ಟರಲ್ಲಿ ಬೆರಳಿಗೆ ಎಣ್ಣೆಯಂಥ ಜಿಡ್ಡು ಹತ್ತಿತು, ಇಡೀ ಸೀಟು ಘಮಘಮ ಎಂದಿತು. ತುದಿಯಿಂದ ನಾರು ಎಳೆದು, ಹೆಬ್ಬೆರಳಿನಿಂದ ಹೊಲಿಗೆಯ ಮೇಲೆ ಒತ್ತಿದರೆ ಕಾಯಿ ತಾನಾಗಿ ಬಾಯಿ ಬಿಡುತ್ತದೆ. ಎಷ್ಟೋ ವರ್ಷಗಳಿಂದ ನಾನು ಅಂಗಡಿಯಲ್ಲಿ ಬಿಡಿಸಿಟ್ಟ ಕಾಳನ್ನೇ ತರುತ್ತಿದ್ದೇನೆ. ಆದರೂ ಕೈ ಮರೆತಿರಲಿಲ್ಲ. ಹುಳು ಸಿಕ್ಕಿದ ಒಂದು ಕಾಯಿಯನ್ನು ಎಸೆಯಹೋದೆ. ಅಜ್ಜಿ ತಡೆದು, "ಒಂದು ಕಾಳು ಕೆಟ್ಟರೆ ಉಳಿದ ಮೂರು ಏನು ಮಾಡಿದ್ದವು?" ಎಂದು ಕಾಯಿಯನ್ನು ಕಸಿದುಕೊಂಡರು.

ಅವರ ಶೂನ್ಯ ದರದ ಟಿಕೆಟ್ ಎಲೆಯಡಿಕೆ ಚೀಲದ ಬಾಯಿಯಲ್ಲಿ ಇಣುಕುತ್ತಿತ್ತು. "ಮೊದಲು ಹಬ್ಬಕ್ಕೆ ಮಾತ್ರ ಮಗಳ ಮನೆಗೆ ಹೋಗುತ್ತಿದ್ದೆ. ಈಗ ಅವರೆಕಾಯಿಗೂ ಹೋಗುತ್ತೇನೆ" ಎಂದರು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದಾಗಿನಿಂದ ಅದರ ಖರ್ಚಿನ ಬಗ್ಗೆ ಬೇಕಾದಷ್ಟು ವಾದ ಕೇಳಿದ್ದೇನೆ. ಆ ಒಂದು ಮಾತಿನ ಮುಂದೆ ನನ್ನಲ್ಲಿದ್ದ ವಾದಗಳೆಲ್ಲ ತಣ್ಣಗಾದವು.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಕಡೆ ಬಸ್ಸಿನ ಮಾತು ಊರಿನಿಂದ ಶುರುವಾಗಿ, "ಯಾರ ಪೈಕಿ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆ ಪ್ರಶ್ನೆಯ ಅರ್ಥ ಜಾತಿ ಎಂದು ಎಲ್ಲರಿಗೂ ಗೊತ್ತು. ಈ ಅಜ್ಜಿ ನನ್ನ ಹೆಸರನ್ನೂ ಕೇಳಲಿಲ್ಲ. ತಾವರೆಕೆರೆ ದಾಟಿದ ಮೇಲೆ ನನ್ನ ಬೆರಳುಗಳನ್ನೇ ನೋಡುತ್ತ ಕೇಳಿದ್ದು ಒಂದೇ ಪ್ರಶ್ನೆ.

"ಯಾರಪ್ಪಾ ಕಲಿಸಿದ್ದು?"

"ನಮ್ಮಪ್ಪ."

"ಚೆನ್ನಾಗಿ ಕಲಿಸಿದ್ದಾರೆ."

ಅಪ್ಪನ ಹೆಸರು ಪಹಣಿಯಿಂದ ಹೋದ ದಿನವೇ ಅವರನ್ನು ಕಂಡೇ ಇರದ ಒಬ್ಬರು ಅವರ ಬಗ್ಗೆ ಹಾಗೆ ಹೇಳಿದರು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಯಿತು. ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಮತ್ತೆ ಬಿಡಿಸಿದೆ.

ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನೆನಪಾಗುತ್ತಿದೆ. ಶಿಕಾಗೋದಲ್ಲಿ ಚಳಿಗಾಲದ ಸ್ಕೇಟಿಂಗ್ ಅಂಗಳದ ಬಳಿ ಜನರಿಗೆ ಬಿಸಿ ಚಾಕೊಲೇಟ್ ಪಾನೀಯ ಕೊಟ್ಟು, ಬೇಕಾದರೆ ನೀವೇ ಕುಡಿಯಿರಿ, ಇಲ್ಲವೇ ಯಾರಾದರೂ ಅಪರಿಚಿತರಿಗೆ ಕೊಡಿ ಎಂದರಂತೆ. ಕೊಟ್ಟವರು ಊಹಿಸಿದ್ದಕ್ಕಿಂತ ಹೆಚ್ಚು ಸಂತೋಷ ಪಡೆದವರಿಗೆ ಆಗಿತ್ತು. ಕೊಟ್ಟವರ ಕಣ್ಣಿಗೆ ಅದು ಒಂದು ಲೋಟ ಪಾನೀಯವಷ್ಟೇ. ನನ್ನ ಅಜ್ಜಿಗೂ ಅಷ್ಟೇ: ಕಾಯಿ ಬೇಗ ಮುಗಿಯಬೇಕಿತ್ತು, ಪಕ್ಕದಲ್ಲಿ ಎರಡು ಕೈಗಳು ಸುಮ್ಮನಿದ್ದವು. ಅವರು ಕೊಟ್ಟದ್ದು ಏನೆಂದು ಅವರಿಗೆ ಎಂದೂ ತಿಳಿಯುವುದಿಲ್ಲ. ಅದು ನನ್ನನ್ನು ಕಾಡುತ್ತಿದೆ. ಇಷ್ಟು ಸಣ್ಣ ವಿಷಯಕ್ಕೆ ಏನು ಮಾತನಾಡಿಸುವುದು ಎಂದು ಎಷ್ಟು ಜನರ ಪಕ್ಕದಿಂದ ನಾನು ಎದ್ದು ಹೋಗಿದ್ದೇನೋ!

ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡ ಎಂದು ಮಗಳಿಗೆ ನಾನೇ ಹೇಳಿಕೊಟ್ಟಿದ್ದೇನೆ, ಮುಂದೆಯೂ ಹೇಳುತ್ತೇನೆ. ಆದರೆ ಆ ಎಚ್ಚರವನ್ನು ಇಯರ್‌ಫೋನ್‌ನಂತೆ ಸದಾ ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆನಲ್ಲ, ಅದು ನನಗೆ ಈಗ ಸರಿಯೆನಿಸುತ್ತಿಲ್ಲ.

ಸುಂಕದಕಟ್ಟೆಯಲ್ಲಿ ಅಜ್ಜಿ ಇಳಿದರು. ಚೀಲ ಇಳಿಸಿಕೊಟ್ಟೆ. "ಸಿಪ್ಪೆ ಬಟ್ಟೆಗೆ ಅಂಟಿದೆ, ಕೊಡವಿಕೋ" ಎಂದು ಹೇಳಿ, ತಿರುಗಿ ನೋಡದೆ ಮಗಳ ಮನೆಯ ದಾರಿ ಹಿಡಿದರು.

ರಾತ್ರಿ ಊಟಕ್ಕೆ ಕೈ ತೊಳೆಯುವಾಗ ನಾನು ಸೋಪು ಹಚ್ಚಲಿಲ್ಲ.