ವಿಷವಿಲ್ಲದ ಹಾವಿಗೇ ಮೊದಲ ಏಟು

ಕಳೆದ ವಾರ ಪಾಂಡವಪುರದ ಕಡೆಯ ನಮ್ಮ ಊರಿಗೆ ಹೋಗಿದ್ದೆ. ಕಬ್ಬಿನ ಕಟಾವು ನಡೆದಿತ್ತು. ಗದ್ದೆಯ ಬದುವಿನ ಮೇಲೆ, ತರಗಿನ ರಾಶಿಯ ಪಕ್ಕದಲ್ಲಿ, ಆರಡಿ ಉದ್ದದ ಕೇರೆ ಹಾವು ಸತ್ತು ಬಿದ್ದಿತ್ತು. ತಲೆ ಜಜ್ಜಿಹೋಗಿತ್ತು. ನಡುಮೈ ಉಬ್ಬಿಕೊಂಡಿತ್ತು. ಆಗ ತಾನೇ ಇಲಿ ನುಂಗಿದ ಹಾವು, ಓಡಲಾಗದೆ ಸಿಕ್ಕಿಬಿದ್ದಿರಬೇಕು. ಹೊಡೆದವರು ನನ್ನ ಚಿಕ್ಕಪ್ಪನೇ. "ಆಳುಗಳು ಕೂಗಿಕೊಂಡರು ಕಣಮ್ಮ, ಕೈಯಲ್ಲಿ ದೊಣ್ಣೆ ಇತ್ತು, ಹೊಡೆದುಬಿಟ್ಟೆ" ಎಂದರು.

ಇದೇ ಚಿಕ್ಕಪ್ಪ ಎರಡು ವರ್ಷದ ಹಿಂದೆ ಬೇವಿನ ಮರದ ಹುತ್ತದ ಬಳಿ ನಾಗರಹಾವು ಕಂಡಾಗ ಎಲ್ಲರನ್ನೂ ದೂರ ನಿಲ್ಲಿಸಿ, ಚಪ್ಪಲಿ ಬಿಟ್ಟು, ಕರ್ಪೂರ ಹಚ್ಚಿ ಕೈ ಮುಗಿದಿದ್ದರು. ಅದು ತನ್ನ ಪಾಡಿಗೆ ಹೋಯಿತು. ಆ ಭಕ್ತಿಯ ಬಗ್ಗೆ ನನಗೆ ಗೌರವವಿದೆ, ಅದರಿಂದ ಎಷ್ಟೋ ನಾಗರಹಾವುಗಳು ಬದುಕಿವೆ. ಆದರೆ ಯಾರಿಗೂ ಕೇಡು ಮಾಡದ ಕೇರೆಗೆ ನಮ್ಮಲ್ಲಿ ಹುತ್ತವೂ ಇಲ್ಲ, ಹಬ್ಬವೂ ಇಲ್ಲ. ಅದರ ಪಾಲಿಗೆ ಬಂದಿರುವುದು ಬರೀ ಅಪವಾದ. ಬಾಲದಿಂದ ಹೊಡೆದರೆ ಮೈ ಕೊಳೆಯುತ್ತದೆ, ಹಸುವಿನ ಕಾಲು ಸುತ್ತಿ ಹಾಲು ಕುಡಿಯುತ್ತದೆ, ನಾಗರದ ಜೊತೆ ಕೂಡುತ್ತದೆ. ಮೂರೂ ಸುಳ್ಳು. ಹೆಣೆದುಕೊಂಡು ಎದ್ದು ನಿಲ್ಲುವ ಆ ಜೋಡಿ ಸಾಮಾನ್ಯವಾಗಿ ಎರಡು ಗಂಡು ಕೇರೆಗಳು. ಅದು ಸರಸವಲ್ಲ, ಕುಸ್ತಿ.

ಕೇರೆಯನ್ನು ದೂರದಿಂದಲೇ ಗುರುತಿಸಬಹುದು. ದೊಡ್ಡ ಕಣ್ಣು, ಗುಂಡನೆಯ ಪಾಪೆ, ತುಟಿಯುದ್ದಕ್ಕೂ ಸೀಸದ ಕಡ್ಡಿಯಲ್ಲಿ ಎಳೆದಂತೆ ಕಪ್ಪು ಗೆರೆಗಳು. ಹೆಡೆ ಇಲ್ಲ. ಹಗಲಿನಲ್ಲೇ ಓಡಾಡುತ್ತದೆ, ನಮ್ಮನ್ನು ಕಂಡರೆ ಸರ್ರನೆ ಓಡುತ್ತದೆ. ಇಲಿಯನ್ನು ಬಿಲದೊಳಕ್ಕೇ ನುಗ್ಗಿ ಹಿಡಿಯುತ್ತದೆ. ಬುಡ ಕಡಿದ ಕಬ್ಬು ಒಣಗಿ ಬೀಳುವುದನ್ನು ಕಂಡ ರೈತನಿಗೆ ಇದರ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಅಂದು ಚಿಕ್ಕಪ್ಪನ ಕೊಟ್ಟಿಗೆಯ ಗೂಡಿನಲ್ಲಿ ಇಲಿ ಪಾಷಾಣದ ಪೊಟ್ಟಣ ಇತ್ತು. ಅದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ಕೇರೆಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾಲೆಗೆ ನೀರು ಬಿಟ್ಟಾಗ ಹೀಗೆಯೇ ಸಾಯುವುದು ನೀರು ಹಾವು. ಮೈಮೇಲೆ ಚದುರಂಗದ ಮನೆಗಳಂತೆ ಕಪ್ಪು ಚೌಕ, ಕಣ್ಣಿನ ಕೆಳಗೂ ಹಿಂದೆಯೂ ಓರೆಯಾದ ಎರಡು ಕಪ್ಪು ಗೆರೆ. ಮೀನು, ಕಪ್ಪೆ ಅದರ ಊಟ. ಸ್ವಲ್ಪ ಮುಂಗೋಪಿ, ಹಿಡಿಯಲು ಹೋದರೆ ಕಚ್ಚಿ ರಕ್ತ ಬರಿಸುತ್ತದೆ, ಆದರೆ ವಿಷವಿಲ್ಲ. ಹೆದರಿದಾಗ ಕತ್ತನ್ನು ಚಪ್ಪಟೆ ಮಾಡಿ ತಲೆ ಎತ್ತುತ್ತದೆ. ಆ ನಾಟಕವೇ ಅದಕ್ಕೆ ಮುಳುವಾಗುತ್ತದೆ. "ಮರಿ ನಾಗರ" ಎಂದು ಯಾರೋ ಕಲ್ಲು ಎತ್ತಿರುತ್ತಾರೆ.

ಪೇಟೆಯಲ್ಲಿರುವವರು ತಿಳಿಯಬೇಕಾದದ್ದು ತೋಳದ ಹಾವು. ಮೈಸೂರಿನ ನಮ್ಮ ಬಡಾವಣೆಯ ಮನೆಯಲ್ಲಿ, ರಾತ್ರಿ ಒಂಬತ್ತೂವರೆಯ ಹೊತ್ತಿಗೆ, ಜಗುಲಿಯ ಗೋಡೆಯ ಮೂಲೆ ಹಿಡಿದು ಒಂದೂವರೆ ಅಡಿಯ ಹಾವು ಮೇಲೇರುತ್ತಿತ್ತು. ಕಾಫಿ ಪುಡಿಯ ಬಣ್ಣ, ಅದರ ಮೇಲೆ ಬಿಳಿ ಹಳದಿ ಪಟ್ಟಿ. ದೀಪದ ಕೆಳಗಿದ್ದ ಹಲ್ಲಿಯನ್ನು ಗಬಕ್ಕನೆ ಹಿಡಿಯಿತು. ಹಲ್ಲಿಯ ಬಾಲ ಕಳಚಿ ನನ್ನ ಕಾಲ ಬಳಿ ಬಿದ್ದು ವಿಲವಿಲ ಒದ್ದಾಡಿತು. ಪಕ್ಕದ ಮನೆಯ ಹಿರಿಯರು ಕೋಲು ಹಿಡಿದು ಬಂದು, "ಕಟ್ಟುಹಾವು ಕಣಮ್ಮ, ಹಿಂದೆ ಸರಿ" ಎಂದರು. ನಾನು ದೂರದಿಂದ ಫೋಟೊ ತೆಗೆದು ಹಾವು ಹಿಡಿಯುವವರೊಬ್ಬರಿಗೆ ಕಳುಹಿಸಿದೆ. ಅವರು ಬಂದು ನೋಡಿ ವಿಷವಿಲ್ಲದ ತೋಳದ ಹಾವು ಎಂದರು. ಇದಕ್ಕೆ ಪಟ್ಟಿ ಕತ್ತಿನಿಂದಲೇ ಶುರುವಾಗಿ ಬಾಲದ ಕಡೆ ಮಸುಕಾಗುತ್ತದೆ. ಕಟ್ಟುಹಾವಿಗೆ ಕತ್ತಿನ ಬಳಿ ಪಟ್ಟಿ ಕಾಣುವುದಿಲ್ಲ ಅಥವಾ ಮಸುಕಾಗಿರುತ್ತದೆ, ಬಾಲದತ್ತ ಹೋದಂತೆ ಎದ್ದು ಕಾಣುತ್ತದೆ, ಹಲವು ಸಲ ಪಟ್ಟಿಗಳು ಜೋಡಿ ಜೋಡಿಯಾಗಿರುತ್ತವೆ, ಮೈ ಮಿರಿಮಿರಿ ಕಪ್ಪು.

ಇಷ್ಟು ಓದಿ ಯಾರೂ ಹಾವಿನ ಹತ್ತಿರ ಹೋಗಬೇಡಿ ಎಂದು ಕಾಲು ಹಿಡಿದು ಕೇಳುತ್ತೇನೆ. ಕಟ್ಟುಹಾವಿನದು ಕಡು ವಿಷ, ಆದರೂ ಕಚ್ಚಿದರೆ ನೋವೇ ಇಲ್ಲದಿರಬಹುದು. ನೆಲದ ಮೇಲೆ ಮಲಗಿದವರಿಗೆ ಹೊಟ್ಟೆ ನೋವು ಬಂದು ಕಣ್ಣ ರೆಪ್ಪೆ ಜೋತುಬಿದ್ದಾಗಲೇ ತಿಳಿಯುವುದೂ ಉಂಟು. ವಿಷವಿಲ್ಲದ ಮಣ್ಣುಮುಕ್ಕ ಹಾವೆಂದು ಮುಟ್ಟಲು ಹೋದದ್ದು ವಿಷದ ಕೊಳಕು ಮಂಡಲವಾಗಿದ್ದರೆ ಪ್ರಾಣಕ್ಕೇ ಅಪಾಯ. ಹಾವಿನ ಭಯ ಸುಮ್ಮನೆ ಬಂದದ್ದಲ್ಲ, 2024ರಲ್ಲಿ ನಮ್ಮ ರಾಜ್ಯ ಸರ್ಕಾರವೇ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಯಾವ ಹಾವೆಂದು ಅನುಮಾನವಿದ್ದರೆ ವಿಷದ್ದೆಂದೇ ತಿಳಿದು ದೂರ ನಿಲ್ಲಿ, ಮಕ್ಕಳನ್ನು ಒಳಗೆ ಕಳುಹಿಸಿ, ಹಾವಿನ ಮೇಲೆ ಕಣ್ಣಿಟ್ಟು ಅರಣ್ಯ ಇಲಾಖೆಗೋ ಹಾವು ಹಿಡಿಯಲು ಬಲ್ಲವರಿಗೋ ಫೋನ್ ಮಾಡಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗಿ. ಹೊಡೆಯಲು ಹತ್ತಿರ ಹೋಗುವುದೂ ಕಚ್ಚಿಸಿಕೊಳ್ಳುವ ದಾರಿಯೇ.

ಚಿಕ್ಕಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಸಂಜೆ ಮೊಬೈಲ್‌ನಲ್ಲಿ ಕೇರೆಯ ತುಟಿಯ ಗೆರೆಗಳನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಅದಕ್ಕೂ ಹೀಗೇ ಇತ್ತು" ಎಂದರು. ಉಳಿದ ಹತ್ತು ಗುಂಟೆಯ ಕಟಾವು ಬರುವ ಮಂಗಳವಾರ ಇದೆ. ರಸ್ತೆಯ ಕಡೆಯಿಂದ ಕಡಿಯುತ್ತಾ ಬಂದು ನಾಲೆಯ ಕಡೆಯನ್ನು ಕೊನೆಗೆ ಉಳಿಸಿಕೊಳ್ಳಿ, ಒಳಗಿರುವ ಹಾವುಗಳು ಅತ್ತ ಹೋಗಿಬಿಡಲಿ ಎಂದು ಕೇಳಿಕೊಂಡೆ. ಒಪ್ಪಿದ್ದಾರೆ. ರಜೆ ಹಾಕಿದ್ದೇನೆ, ಅಂದು ನಾನೂ ಬದುವಿನ ಮೇಲೆ ಇರುತ್ತೇನೆ.